ಸೋಲಿನ ಲೆಕ್ಕ ಯಾರ ಖಾತೆಗೆ? 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್

ಅಂಕಿಗಳಿಗೆ ಚರಿತ್ರೆಯಲ್ಲಿ ಒಂದು ವಿಶೇಷ ಅಧಿಕಾರವಿದೆ. ಮಾತನ್ನು ಸಂಶಯದಿಂದ ನೋಡುವವರೂ ಅಂಕಿಯನ್ನು ಹಾಗೆ ನೋಡುವುದಿಲ್ಲ. ಬರೆದವನ ಪಕ್ಷಪಾತ, ಕೇಳಿದವನ ಪೂರ್ವಗ್ರಹ, ಕಾಲದ ಮರೆವು ಇವು ಯಾವುವೂ ಅಂಕಿಯನ್ನು ಮುಟ್ಟಲಾರವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಅಂಕಿಯು ಸತ್ಯವನ್ನೇ ನುಡಿಯುತ್ತ ಅನ್ಯಾಯವನ್ನೂ ಮಾಡಬಲ್ಲದು. ಇದಕ್ಕೆ ಅಮೆರಿಕದ ಬೇಸ್‌ಬಾಲ್ ಚರಿತ್ರೆ ಒದಗಿಸುವ ನಿದರ್ಶನವೆಂದರೆ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ತಂಡ. ಆ ವರ್ಷ ಅದು ಆಡಿದ ಪಂದ್ಯಗಳು 154; ಗೆದ್ದದ್ದು 20, ಸೋತದ್ದು 134. ಈ ಮೂರು ಅಂಕಿಗಳಲ್ಲಿ ಒಂದೂ ತಪ್ಪಿಲ್ಲ. ಆದರೂ ಇವುಗಳ ಆಧಾರದ ಮೇಲೆ ಲೋಕ ಬರೆದಿಟ್ಟಿರುವ ತೀರ್ಪು ತಪ್ಪು ಎಂಬುದೇ ಈ ಬರಹದ ಪ್ರತಿಪಾದನೆ.

ಈ ಹಳೆಯ ಕಥೆಯನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. 2024ರಲ್ಲಿ ಷಿಕಾಗೋ ವೈಟ್ ಸಾಕ್ಸ್ ತಂಡವು 121 ಪಂದ್ಯಗಳನ್ನು ಸೋತು, 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಕಂಡಿದ್ದ 120 ಸೋಲುಗಳ ದಾಖಲೆಯನ್ನು ಮೀರಿತು. ಆಧುನಿಕ ಯುಗದಲ್ಲಿ ಇದಕ್ಕಿಂತ ಹೆಚ್ಚು ಪಂದ್ಯಗಳನ್ನು ಸೋತ ತಂಡ ಇನ್ನೊಂದಿಲ್ಲ. ಆದರೆ ‘ಆಧುನಿಕ ಯುಗ’ ಎಂಬ ವಿಶೇಷಣವನ್ನು ಇಲ್ಲಿ ಬಿಡುವಂತಿಲ್ಲ. ಏಕೆಂದರೆ ಅದರ ಹಿಂದೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಸ್ಪೈಡರ್ಸ್ ತಂಡ ನಿಂತಿದೆ. ಯಾವ ತಂಡ ಸೋಲಿನ ಮೇಲೆ ಸೋಲು ಕಂಡರೂ ಅದನ್ನು ಅಳೆಯುವ ಕಟ್ಟಕಡೆಯ ಅಳತೆಗೋಲಾಗಿ ಈ ಹೆಸರು ಬರುತ್ತದೆ. ಬಂದಾಗಲೆಲ್ಲ ಅದರ ಹಿಂದೆ ಒಂದು ನಗೆಯೂ ಬರುತ್ತದೆ. ಸೋತವರನ್ನು ಕಂಡು ನಗುವುದು ಮನುಷ್ಯಸ್ವಭಾವ. ‘ಗೆದ್ದೆತ್ತಿನ ಬಾಲ ಹಿಡಿ’ ಎಂಬ ಗಾದೆ ನಮ್ಮಲ್ಲಿಯೂ ಇದೆ. ಆದರೆ ನಗುವ ಮೊದಲು ಸೋತವರು ಯಾರು, ಅವರನ್ನು ಸೋಲಿನ ಬಾಯಿಗೆ ನೂಕಿದವರು ಯಾರು ಎಂದು ಕೇಳುವುದು ವಿವೇಕದ ಲಕ್ಷಣ.

ಕ್ರಿಕೆಟ್ಟಿನ ಪರಿಭಾಷೆಯಲ್ಲಿ ಬೆಳೆದ ಓದುಗರಿಗೆ ಬೇಸ್‌ಬಾಲ್ ಲೆಕ್ಕಾಚಾರದ ಒಂದು ಸೂಕ್ಷ್ಮವನ್ನು ಮೊದಲಿಗೇ ತಿಳಿಸುವುದು ಒಳಿತು. ಅದು ದೀರ್ಘ ಋತುವಿನ ಆಟ. ವಸಂತದಲ್ಲಿ ಆರಂಭವಾಗಿ ಶರತ್ಕಾಲದವರೆಗೆ, ಹೆಚ್ಚುಕಡಿಮೆ ದಿನಕ್ಕೊಂದರಂತೆ, ಪ್ರತಿಯೊಂದು ತಂಡವೂ ನೂರೈವತ್ತರ ಆಸುಪಾಸು ಪಂದ್ಯಗಳನ್ನು ಆಡುತ್ತದೆ. ಇಷ್ಟು ದೀರ್ಘವಾದ ಓಟದಲ್ಲಿ ಅದೃಷ್ಟ ದುರದೃಷ್ಟಗಳು ಬಹುಮಟ್ಟಿಗೆ ಸಮವಾಗುತ್ತವೆ. ಅತ್ಯುತ್ತಮ ತಂಡವೂ ಹತ್ತರಲ್ಲಿ ಮೂರು ನಾಲ್ಕು ಪಂದ್ಯಗಳನ್ನು ಸೋಲುತ್ತದೆ. ತೀರ ದುರ್ಬಲ ತಂಡವೂ ಮೂರು ನಾಲ್ಕನ್ನು ಗೆಲ್ಲುತ್ತದೆ. ಆದ್ದರಿಂದ ಹತ್ತರಲ್ಲಿ ಎರಡನ್ನೂ ಗೆಲ್ಲದ ತಂಡವೆಂದರೆ ಅದು ಕೇವಲ ದುರ್ಬಲ ತಂಡವಲ್ಲ; ಅಲ್ಲಿ ಆಟದ ಆಚೆಗಿನ ಏನೋ ಒಂದು ನಡೆದಿದೆ ಎಂದೇ ಅರ್ಥ. 2024ರ ವೈಟ್ ಸಾಕ್ಸ್ ಕೂಡ ನಾಲ್ಕರಲ್ಲಿ ಒಂದು ಪಂದ್ಯವನ್ನು ಗೆದ್ದಿತ್ತು. ಸ್ಪೈಡರ್ಸ್ ಗೆದ್ದದ್ದು ನೂರಕ್ಕೆ ಹದಿಮೂರರಂತೆ.

ಆ ‘ಏನೋ’ ಯಾವುದೆಂಬುದನ್ನು ಅರಿಯಲು 1899ರ ಹಿಂದಿನ ಸ್ಪೈಡರ್ಸ್ ತಂಡವನ್ನು ನೋಡಬೇಕು. ಓಹಾಯೋ ರಾಜ್ಯದಲ್ಲಿ, ಈರಿ ಸರೋವರದ ದಡದ ಮೇಲಿರುವ ಕೈಗಾರಿಕಾ ನಗರ ಕ್ಲೀವ್‌ಲ್ಯಾಂಡ್. ಅದರ ತಂಡ 1889ರಲ್ಲಿ ನ್ಯಾಷನಲ್ ಲೀಗ್ ಸೇರಿತು. 1890ರಲ್ಲಿ ಅದೇ ರಾಜ್ಯದ ರೈತ ಮನೆತನದ ಒಬ್ಬ ತರುಣ ಪಿಚರ್ ಆಗಿ ತಂಡಕ್ಕೆ ಬಂದ; ಅವನೇ ಸೈ ಯಂಗ್. ತನ್ನ ವೃತ್ತಿಜೀವನದಲ್ಲಿ ಒಟ್ಟು 511 ಪಂದ್ಯಗಳನ್ನು ಗೆದ್ದುಕೊಟ್ಟ ಅವನ ದಾಖಲೆಯ ಹತ್ತಿರಕ್ಕೂ ಇಂದಿನವರೆಗೆ ಯಾರೂ ಸುಳಿದಿಲ್ಲ. ಅತ್ಯುತ್ತಮ ಪಿಚರ್‌ಗೆ ವರ್ಷವರ್ಷವೂ ಕೊಡುವ ಪ್ರಶಸ್ತಿಗೆ ಇರುವುದು ಅವನದೇ ಹೆಸರು. ಅವನ ಜೊತೆಗೆ ಜೆಸ್ಸಿ ಬರ್ಕೆಟ್ ಎಂಬ ಪ್ರಚಂಡ ಬ್ಯಾಟರ್, ಬಾಬಿ ವಾಲೆಸ್ ಎಂಬ ಚತುರ ಕ್ಷೇತ್ರರಕ್ಷಕ, ಪ್ಯಾಟ್ಸಿ ಟೀಬೋ ಎಂಬ ಜಗಳಗಂಟ ಆದರೆ ಸಮರ್ಥ ನಾಯಕ. 1895ರಲ್ಲಿ ಬಾಲ್ಟಿಮೋರ್ ತಂಡವನ್ನು ಮಣಿಸಿ ಟೆಂಪಲ್ ಕಪ್ ಗೆದ್ದ ತಂಡ ಇದು. 1898ರಲ್ಲಿಯೂ 81 ಗೆಲುವು, 68 ಸೋಲುಗಳೊಡನೆ ಹನ್ನೆರಡು ತಂಡಗಳ ಲೀಗಿನಲ್ಲಿ ಐದನೆಯ ಸ್ಥಾನದಲ್ಲಿತ್ತು. ಅಂದರೆ, ಚರಿತ್ರೆಯ ಅತ್ಯಂತ ಕೆಟ್ಟ ಋತುವಿಗೆ ಆರು ತಿಂಗಳು ಮುಂಚೆ ಅದು ಗೌರವಾನ್ವಿತ ತಂಡವಾಗಿತ್ತು.

ತಂಡದ ಒಡೆಯರು ಫ್ರಾಂಕ್ ರಾಬಿಸನ್ ಮತ್ತು ಸ್ಟ್ಯಾನ್ಲಿ ರಾಬಿಸನ್ ಎಂಬ ಸಹೋದರರು. ಫ್ರಾಂಕ್ ನಗರದ ಟ್ರಾಮ್ ಮಾರ್ಗಗಳ ಉದ್ಯಮಿ. 1891ರಲ್ಲಿ ತೆರೆದ ಲೀಗ್ ಪಾರ್ಕ್ ಮೈದಾನವನ್ನು ತನ್ನ ಟ್ರಾಮ್ ಓಡುವ ದಾರಿಯಲ್ಲೇ ಕಟ್ಟಿಸಿದ್ದ. ಆಟ ನೋಡಲು ಬರುವವನು ಟ್ರಾಮಿಗೂ ಕಾಸು ಕೊಡಬೇಕು, ಟಿಕೆಟ್ಟಿಗೂ ಕಾಸು ಕೊಡಬೇಕು. ವ್ಯವಹಾರಜ್ಞಾನಕ್ಕೆ ಕೊರತೆಯಿಲ್ಲದವರು ಈ ಸಹೋದರರು. ಆದರೆ ಅವರಿಗೆ ಊರಿನ ಮೇಲೆ ಅಸಮಾಧಾನವಿತ್ತು. ತಂಡ ಚೆನ್ನಾಗಿ ಆಡಿದರೂ ಜನ ಅವರು ಬಯಸಿದಷ್ಟು ಬರುತ್ತಿರಲಿಲ್ಲ. ದುಡಿಯುವ ಜನಕ್ಕೆ ಬಿಡುವು ಸಿಗುವುದು ಭಾನುವಾರ. ಭಾನುವಾರದ ಆಟಕ್ಕೆ ಕ್ಲೀವ್‌ಲ್ಯಾಂಡಿನಲ್ಲಿ ಅನುಮತಿ ಇರಲಿಲ್ಲ. 1897ರಲ್ಲಿ ಒಂದು ಭಾನುವಾರ ಆಟ ಆರಂಭಿಸಿ ನೋಡಿದಾಗ ಪೊಲೀಸರು ಆಟಗಾರರನ್ನೇ ಬಂಧಿಸಿದರು. ಈ ಅಸಮಾಧಾನ ನಿಜವಾದದ್ದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಅಸಮಾಧಾನವನ್ನು ಅವರು ಹೇಗೆ ತೀರಿಸಿಕೊಂಡರು ಎಂಬುದೇ ಇಲ್ಲಿಯ ಪ್ರಶ್ನೆ.

ಅತ್ತ ಮಿಸೌರಿಯ ಸೇಂಟ್ ಲೂಯಿ ನಗರದಲ್ಲಿ ಬೇರೆ ಬಗೆಯ ಅವಸಾನ ನಡೆದಿತ್ತು. ಕ್ರಿಸ್ ಫಾನ್ ಡೆರ್ ಆ ಎಂಬ ಜರ್ಮನ್ ಮೂಲದ ವ್ಯಾಪಾರಿಯ ಬ್ರೌನ್ಸ್ ತಂಡ 1898ರಲ್ಲಿ 39 ಗೆದ್ದು 111 ಸೋತು ಕೊನೆಯ ಸ್ಥಾನಕ್ಕೆ ಇಳಿದಿತ್ತು. ಮೈದಾನಕ್ಕೆ ಬೆಂಕಿ ಬಿದ್ದು, ಸಾಲ ಮುತ್ತಿ, ಒಡೆಯ ದಿವಾಳಿಯಾಗಿದ್ದ. ತಂಡ ಹರಾಜಿಗೆ ಬಂದು, 1899ರ ಋತು ಆರಂಭವಾಗುವ ಮುನ್ನ ರಾಬಿಸನ್ ಸಹೋದರರ ಹಿಡಿತಕ್ಕೆ ಬಂತು. ಸೇಂಟ್ ಲೂಯಿ ದೊಡ್ಡ ನಗರ, ಭಾನುವಾರದ ಆಟಕ್ಕೆ ಅಲ್ಲಿ ಅಡ್ಡಿಯಿಲ್ಲ. ಹೀಗೆ ಒಂದೇ ಲೀಗಿನಲ್ಲಿ, ಪರಸ್ಪರ ಸ್ಪರ್ಧಿಸಬೇಕಾದ ಎರಡು ತಂಡಗಳು ಒಂದೇ ಮನೆಯ ಸೊತ್ತಾದವು. ಲೀಗ್ ಇದನ್ನು ತಡೆಯಲಿಲ್ಲ. ತಡೆಯುವ ನೈತಿಕ ಬಲವೂ ಅದಕ್ಕಿರಲಿಲ್ಲ. ಬಾಲ್ಟಿಮೋರ್ ಮತ್ತು ಬ್ರೂಕ್ಲಿನ್ ತಂಡಗಳ ಒಡೆಯರೂ ಆಗ ಹೀಗೆಯೇ ಬೆರೆತುಹೋಗಿದ್ದರು. ಎದುರಾಳಿಯ ಗೂಡಿನಲ್ಲಿಯೂ ತನ್ನದೇ ಮೊಟ್ಟೆಗಳಿರುವಾಗ ಸ್ಪರ್ಧೆ ಎಂಬ ಮಾತಿಗೆ ಏನರ್ಥ?

ಮುಂದೆ ನಡೆದದ್ದನ್ನು ವರ್ಗಾವಣೆ ಎಂದು ಕರೆಯುವುದು ಸೌಮ್ಯೋಕ್ತಿಯಾದೀತು. ಸೈ ಯಂಗ್, ಬರ್ಕೆಟ್, ವಾಲೆಸ್, ನಾಯಕ ಟೀಬೋ ಸೇರಿದಂತೆ ಕ್ಲೀವ್‌ಲ್ಯಾಂಡಿನ ಸತ್ತ್ವವೆಲ್ಲ ಸೇಂಟ್ ಲೂಯಿಗೆ ಹೋಯಿತು. ಆ ಕೊನೆಯ ಸ್ಥಾನದ ತಂಡದಲ್ಲಿ ಉಳಿದಿದ್ದವರು ಕ್ಲೀವ್‌ಲ್ಯಾಂಡಿಗೆ ಬಂದರು. ಸೇಂಟ್ ಲೂಯಿಯ ತಂಡಕ್ಕೆ ‘ಪರ್ಫೆಕ್ಟೋಸ್’ ಎಂಬ ಹೊಸ ಹೆಸರಾಯಿತು. ನಿರ್ದೋಷರು, ಪರಿಪೂರ್ಣರು ಎಂಬ ಧ್ವನಿಯ ಹೆಸರು. ಫಲಿತಾಂಶವನ್ನು ನೋಡಿ. 1898ರಲ್ಲಿ 39 ಗೆದ್ದಿದ್ದ ಸೇಂಟ್ ಲೂಯಿ 1899ರಲ್ಲಿ 84 ಗೆದ್ದಿತು. 1898ರಲ್ಲಿ 81 ಗೆದ್ದಿದ್ದ ಕ್ಲೀವ್‌ಲ್ಯಾಂಡ್ 1899ರಲ್ಲಿ 20 ಗೆದ್ದಿತು. ಈ ನಾಲ್ಕು ಅಂಕಿಗಳನ್ನು ಒಟ್ಟಿಗೆ ಇಟ್ಟು ಓದಿದವನಿಗೆ ಬೇರೆ ಸಾಕ್ಷ್ಯ ಬೇಕಿಲ್ಲ. ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ನೀರು ಸುರಿದು, ಬರಿದಾದ ಪಾತ್ರೆಯನ್ನು ‘ಒಣಗಿದ ಪಾತ್ರೆ’ ಎಂದು ಹಳಿಯುವುದು ಎಂಥ ನ್ಯಾಯ? ದಾಖಲೆಯ ಪುಸ್ತಕಗಳಾದರೋ 20 ಮತ್ತು 134ನ್ನು ಮಾತ್ರ ಎತ್ತಿ ತೋರಿಸುತ್ತವೆ, ಉಳಿದುವನ್ನು ಬೇರೆ ಬೇರೆ ಪುಟಗಳಲ್ಲಿ ಚದುರಿಸಿಡುತ್ತವೆ.

ಋತುವಿನ ಮೊದಲ ಪಂದ್ಯವೇ ಈ ವಿಪರ್ಯಾಸಕ್ಕೆ ಕನ್ನಡಿ ಹಿಡಿಯಿತು. 1899ರ ಏಪ್ರಿಲ್ 15ರಂದು ಸೇಂಟ್ ಲೂಯಿಯಲ್ಲಿ ಎರಡೂ ತಂಡಗಳು ಎದುರುಬದುರಾದವು. ಕ್ಲೀವ್‌ಲ್ಯಾಂಡಿನ ವಿರುದ್ಧ ಚೆಂಡೆಸೆದವನು ಒಂಬತ್ತು ವರ್ಷ ಕ್ಲೀವ್‌ಲ್ಯಾಂಡಿಗಾಗಿ ಚೆಂಡೆಸೆದಿದ್ದ ಸೈ ಯಂಗ್. ಫಲಿತಾಂಶ 10-1. ಸೋತವರು ಗೆದ್ದವರಿಗೆ ಅಪರಿಚಿತರಲ್ಲ. ಇಬ್ಬರಿಗೂ ಸಂಬಳ ಬರುತ್ತಿದ್ದುದು ಒಂದೇ ಪೆಟ್ಟಿಗೆಯಿಂದ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಕ್ಲೀವ್‌ಲ್ಯಾಂಡಿನ ಜನ ಮೂರ್ಖರಾಗಿರಲಿಲ್ಲ. ತಮ್ಮ ಊರಿನ ಮೈದಾನದಲ್ಲಿ ಆ ವರ್ಷದ ಮೊದಲ ಆಟ ನಡೆದಾಗ ಐನೂರು ಮಂದಿಯೂ ಬರಲಿಲ್ಲ. ತಂಡವನ್ನು ತಾವು ಒಂದು ಉಪಪ್ರದರ್ಶನದಂತೆ ನಡೆಸುವುದಾಗಿ ಸ್ಟ್ಯಾನ್ಲಿ ರಾಬಿಸನ್ ಬಹಿರಂಗವಾಗಿಯೇ ಸಾರಿದ್ದ. ಒಡೆಯನೇ ಹಾಗೆಂದ ಮೇಲೆ ಪ್ರೇಕ್ಷಕ ಏಕೆ ಬರಬೇಕು? ಒಂಬತ್ತು ಸಾವಿರ ಮಂದಿ ಕೂರಬಹುದಾದ ಲೀಗ್ ಪಾರ್ಕಿನಲ್ಲಿ ಇಡೀ ಋತುವಿನ 42 ಪಂದ್ಯಗಳಿಗೆ ಬಂದ ಪ್ರೇಕ್ಷಕರು ಒಟ್ಟು 6,088. ಪಂದ್ಯವೊಂದಕ್ಕೆ ಸರಾಸರಿ 145. ಒಂದು ಮದುವೆಯ ಪಂಕ್ತಿಯಲ್ಲಿ ಇದಕ್ಕಿಂತ ಹೆಚ್ಚು ಜನ ಕೂರುತ್ತಾರೆ.

ಇಲ್ಲಿಂದ ಮುಂದಿನದು ಒಂದು ಅಲೆಮಾರಿ ಕಥೆ. ಅಂದಿನ ಪದ್ಧತಿಯಲ್ಲಿ ಟಿಕೆಟ್ ಹಣದಲ್ಲಿ ಅತಿಥಿ ತಂಡಕ್ಕೂ ಪಾಲು. ಕ್ಲೀವ್‌ಲ್ಯಾಂಡಿಗೆ ಬಂದರೆ ಆ ಪಾಲಿನಿಂದ ರೈಲಿನ ಖರ್ಚು, ಹೋಟೆಲಿನ ಖರ್ಚು ಕೂಡ ಹುಟ್ಟುವುದಿಲ್ಲವೆಂದು ಉಳಿದ ತಂಡಗಳು ಅಲ್ಲಿಗೆ ಬರಲು ನಿರಾಕರಿಸಿದವು. ಹೀಗಾಗಿ ಊರಿನಲ್ಲಿ ಆಡಬೇಕಾದ ಪಂದ್ಯಗಳನ್ನೂ ಪರಸ್ಥಳಗಳಲ್ಲೇ ಆಡಬೇಕಾಯಿತು. ಒಟ್ಟು 154 ಪಂದ್ಯಗಳಲ್ಲಿ 112 ಹೊರ ಊರುಗಳಲ್ಲಿ ನಡೆದವು; ಅವುಗಳಲ್ಲಿ ಸೋಲು 101. ಈಗಿನ ವ್ಯವಸ್ಥೆಯಲ್ಲಿ ಒಂದು ತಂಡ ಹೊರಗೆ ಆಡುವುದು 81 ಪಂದ್ಯಗಳನ್ನು ಮಾತ್ರ. ಆದ್ದರಿಂದ ಈ ದಾಖಲೆಯನ್ನು ಯಾರೂ ಮುರಿಯುವಂತಿಲ್ಲ. ಪತ್ರಿಕೆಗಳು ತಂಡವನ್ನು ‘ದೇಶಭ್ರಷ್ಟರು’, ‘ಅಲೆಮಾರಿಗಳು’ ಎಂಬರ್ಥದ ಹೆಸರುಗಳಿಂದ ಕರೆದವು. ಹೆಸರಿಗೆ ಕ್ಲೀವ್‌ಲ್ಯಾಂಡಿನ ತಂಡ. ಬೇಸಿಗೆ ಮುಗಿಯುವ ಹೊತ್ತಿಗೆ ಅದಕ್ಕೆ ಊರೇ ಇರಲಿಲ್ಲ.

ಇಷ್ಟರಲ್ಲಿಯೂ ಸುಲಿಗೆ ನಿಲ್ಲಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಋತುವಿನ ಆರಂಭದಲ್ಲಿ ಲೇವ್ ಕ್ರಾಸ್ ಎಂಬ ಒಳ್ಳೆಯ ಆಟಗಾರನನ್ನು ವ್ಯವಸ್ಥಾಪಕನನ್ನಾಗಿ ಕ್ಲೀವ್‌ಲ್ಯಾಂಡಿನಲ್ಲಿ ಬಿಡಲಾಗಿತ್ತು. ಅವನ ಕಾಲದಲ್ಲಿ ತಂಡ 8 ಗೆದ್ದು 30 ಸೋತಿತ್ತು. ಅವನು ಉತ್ತಮವಾಗಿ ಆಡುತ್ತಿದ್ದಾನೆಂದು ಕಂಡ ಕೂಡಲೇ ಅವನನ್ನೂ ಸೇಂಟ್ ಲೂಯಿಗೆ ಕರೆಸಿಕೊಂಡರು. ಪಿಚರ್‌ಗಳ ಪೈಕಿ ಭರವಸೆ ಮೂಡಿಸಿದ್ದ ವಿಲ್ಲಿ ಸಡ್‌ಹಾಫ್‌ನೂ ಅದೇ ದಾರಿ ಹಿಡಿಯಬೇಕಾಯಿತು. ಕ್ಲೀವ್‌ಲ್ಯಾಂಡಿನಲ್ಲಿ ಚೆನ್ನಾಗಿ ಆಡುವುದೇ ಕ್ಲೀವ್‌ಲ್ಯಾಂಡನ್ನು ಬಿಡಲು ಅರ್ಹತೆಯಾಯಿತು. ಮೊಳಕೆ ಕಂಡಲ್ಲೆಲ್ಲ ಕಿತ್ತುಕೊಂಡು ಹೋಗುವ ಒಡೆಯನಿರುವಾಗ ಹೊಲದಲ್ಲಿ ಬೆಳೆ ಏಕಿಲ್ಲವೆಂದು ಹೊಲವನ್ನು ಕೇಳುವಂತಿಲ್ಲ.

ಕ್ರಾಸ್‌ನ ತರುವಾಯ ತಂಡದ ಹೊಣೆ ಹೊತ್ತವನು ಜೋ ಕ್ವಿನ್. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಅಮೆರಿಕದ ಉನ್ನತ ಲೀಗಿನಲ್ಲಿ ಆಡಿದ ಮೊದಲಿಗ ಅವನು. ಆಟವಿಲ್ಲದ ತಿಂಗಳುಗಳಲ್ಲಿ ಅಂತ್ಯಸಂಸ್ಕಾರದ ಏರ್ಪಾಡು ಮಾಡುವುದು ಅವನ ಕಸುಬು. ಅವನ ನೇತೃತ್ವದಲ್ಲಿ 12 ಗೆಲುವು, 104 ಸೋಲು. ಆಗಸ್ಟ್ ಕೊನೆಯಿಂದ ಸತತವಾಗಿ 24 ಪಂದ್ಯಗಳಲ್ಲಿ ಸೋಲು. ನಡುವೆ ಒಂದು ಗೆಲುವು. ಮತ್ತೆ ಕೊನೆಯವರೆಗೂ 16 ಸೋಲು. ಇಡೀ ಋತುವಿನಲ್ಲಿ ಬೆನ್ನುಬೆನ್ನಿಗೆ ಎರಡು ಗೆಲುವು ಕಂಡದ್ದು ಒಂದೇ ಒಂದು ಸಲ. ಜಿಮ್ ಹ್ಯೂಯಿ ಎಂಬ ಪಿಚರ್ 4 ಗೆದ್ದು 30 ಸೋತ. ಅವನ ಬಳಿಕ ಯಾವ ಪಿಚರ್ ಕೂಡ ಒಂದೇ ಋತುವಿನಲ್ಲಿ 30 ಸೋಲುಗಳನ್ನು ಕಂಡಿಲ್ಲ. ಅಕ್ಟೋಬರ್ 15ರಂದು ಸಿನ್ಸಿನಾಟಿಯಲ್ಲಿ ನಡೆದ ಕಟ್ಟಕಡೆಯ ಪಂದ್ಯದಲ್ಲಿ ಚೆಂಡೆಸೆದವನು ಎಡ್ಡಿ ಕೋಲ್ಬ್. ಹೋಟೆಲೊಂದರ ಸಿಗಾರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ಪಂದ್ಯದ ಫಲಿತಾಂಶ 19-3. ಪ್ರಥಮ ಸ್ಥಾನದ ಬ್ರೂಕ್ಲಿನ್‌ಗಿಂತ ಕ್ಲೀವ್‌ಲ್ಯಾಂಡ್ 84 ಪಂದ್ಯಗಳಷ್ಟು ಹಿಂದಿತ್ತು. ತನಗಿಂತ ಒಂದೇ ಮೆಟ್ಟಿಲು ಮೇಲಿದ್ದ ವಾಷಿಂಗ್ಟನ್‌ಗಿಂತ 35 ಪಂದ್ಯಗಳಷ್ಟು.

ಈಗ ತೀರ್ಪಿನ ಪ್ರಶ್ನೆಗೆ ಬರೋಣ. ಈ 134 ಸೋಲುಗಳು ಯಾರವು? ದಾಖಲೆಯ ಪ್ರಕಾರ ಹ್ಯೂಯಿಯವು 30, ಕ್ವಿನ್‌ನವು 104. ರಾಬಿಸನ್ ಸಹೋದರರ ಖಾತೆಯಲ್ಲಿ ಒಂದು ಸೋಲೂ ಇಲ್ಲ. ಏಕೆಂದರೆ ಒಡೆಯರಿಗೆ ಅಂಥ ಖಾತೆಯನ್ನು ಯಾರೂ ತೆರೆದೇ ಇಲ್ಲ. ಬೇಸ್‌ಬಾಲ್ ಲೆಕ್ಕಿಗರು ಆಟದಲ್ಲಿ ಅಳೆಯದ ವಸ್ತುವಿಲ್ಲ. ಎಸೆದ ಚೆಂಡು, ತಪ್ಪಿದ ಚೆಂಡು, ಕೈಜಾರಿದ ಚೆಂಡು ಎಲ್ಲಕ್ಕೂ ಲೆಕ್ಕವಿದೆ, ಹೆಸರಿದೆ, ಹೊಣೆಗಾರನಿದ್ದಾನೆ. ಆದರೆ ಮೈದಾನದ ಹೊರಗೆ, ಮೇಜಿನ ಮುಂದೆ ಕುಳಿತು ಮಾಡಿದ ತಪ್ಪಿಗೆ ಅಂಕಣವಿಲ್ಲ. ಅಂಕಣವಿಲ್ಲದ ತಪ್ಪು ಕಾಲಕ್ರಮದಲ್ಲಿ ತಪ್ಪೇ ಅಲ್ಲವೆಂಬಂತಾಗಿ, ಅದರ ಭಾರ ಅಂಕಣವಿದ್ದವರ ಹೆಗಲಿಗೆ ಜಾರುತ್ತದೆ. ಅಂಕಿಯ ಅನ್ಯಾಯವೆಂದು ಆರಂಭದಲ್ಲಿ ಹೇಳಿದ್ದು ಇದನ್ನೇ.

ಇದಕ್ಕೆ ಎದುರಾಗಿ ಮೂರು ಆಕ್ಷೇಪಗಳು ಬರಬಹುದು. ಮೂರನ್ನೂ ತೂಗಿ ನೋಡಬೇಕು.

ಮೊದಲನೆಯದು: ಪ್ರೇಕ್ಷಕರು ಬಾರದ ಊರಿನಲ್ಲಿ ಒಡೆಯ ನಷ್ಟವನ್ನು ಅನುಭವಿಸುತ್ತಲೇ ಇರಬೇಕೆ? ಬೇಕಿಲ್ಲ. ತಂಡವನ್ನು ಮಾರಬಹುದಿತ್ತು, ಲೀಗಿನ ಒಪ್ಪಿಗೆ ಪಡೆದು ಬೇರೆಡೆಗೆ ಸಾಗಿಸಬಹುದಿತ್ತು, ಮುಚ್ಚಿಯೂ ಬಿಡಬಹುದಿತ್ತು. ಇವೆಲ್ಲ ಕಠಿಣ, ಆದರೆ ಪ್ರಾಮಾಣಿಕ ದಾರಿಗಳು. ಅವರು ಆರಿಸಿಕೊಂಡದ್ದು ನಾಲ್ಕನೆಯದನ್ನು: ಹೆಸರನ್ನು ಉಳಿಸಿಕೊಂಡು ಒಡಲನ್ನು ಬಗೆಯುವುದು. ಸ್ಪರ್ಧಿಸುವ ಉದ್ದೇಶವೇ ಇಲ್ಲದ ತಂಡವನ್ನು ಸ್ಪರ್ಧೆಯೆಂಬ ಹೆಸರಿನಲ್ಲಿ ನಡೆಸಿ, ಅದಕ್ಕೆ ಟಿಕೆಟ್ ಮಾರಿದ್ದು ವಂಚನೆ. ಮೇಲಾಗಿ, ತಂಡವನ್ನು ಬರಿದುಮಾಡಿದ ಮೇಲೆ ‘ಜನ ಬರುತ್ತಿಲ್ಲ’ ಎಂದು ದೂರುವುದರಲ್ಲಿ ಕಾರಣ ಕಾರ್ಯಗಳನ್ನು ತಲೆಕೆಳಗು ಮಾಡುವ ಜಾಣ್ಮೆಯಿದೆ. ಈ ಜಾಣ್ಮೆ 1899ಕ್ಕೆ ಮುಗಿಯಲಿಲ್ಲ. ಶಾಲೆಯಿಂದ ಶಿಕ್ಷಕರನ್ನು ಹಿಂದೆಗೆದು ಆಮೇಲೆ ಮಕ್ಕಳಿಲ್ಲವೆಂದು ಬೀಗ ಹಾಕುವ ಕಡೆಯಲ್ಲೆಲ್ಲ, ಗ್ರಂಥಾಲಯಕ್ಕೆ ಹೊಸ ಪುಸ್ತಕ ಕೊಳ್ಳದೆ ಓದುಗರಿಲ್ಲವೆಂದು ಅಲವತ್ತುಕೊಳ್ಳುವ ಕಡೆಯಲ್ಲೆಲ್ಲ ಅದು ಕೆಲಸ ಮಾಡುತ್ತಿರುತ್ತದೆ.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಅದೇ ವರ್ಷ ಬಾಲ್ಟಿಮೋರ್ ತಂಡವೂ ಸುಲಿಗೆಗೆ ಒಳಗಾಗಿತ್ತು. ಅದರ ವ್ಯವಸ್ಥಾಪಕ ನೆಡ್ ಹ್ಯಾನ್ಲನ್ ಹಾಗೂ ವಿಲ್ಲಿ ಕೀಲರ್, ಜೋ ಕೆಲ್ಲಿ, ಹ್ಯೂಯಿ ಜೆನ್ನಿಂಗ್ಸ್ ಮೊದಲಾದ ತಾರೆಗಳು ಬ್ರೂಕ್ಲಿನ್‌ಗೆ ಹೋದರು. ಆದರೂ ಬಾಲ್ಟಿಮೋರ್ 86 ಪಂದ್ಯಗಳನ್ನು ಗೆದ್ದು ನಾಲ್ಕನೆಯ ಸ್ಥಾನ ಪಡೆಯಿತು. ಹಾಗಾದರೆ ಕ್ಲೀವ್‌ಲ್ಯಾಂಡ್ ಆಟಗಾರರ ಅಸಾಮರ್ಥ್ಯವೂ ಕಾರಣವಲ್ಲವೇ? ಅವರು ಅಸಮರ್ಥರಾಗಿದ್ದರೆಂಬುದನ್ನು ಒಪ್ಪಲೇಬೇಕು. ಆ ಋತುವಿನಲ್ಲಿ ಅವರು ಗಳಿಸಿದ ಓಟಗಳು 529, ಬಿಟ್ಟುಕೊಟ್ಟ ಓಟಗಳು 1,252. ಆದರೆ ಬಾಲ್ಟಿಮೋರಿನಲ್ಲಿ ಜಾನ್ ಮೆಗ್ರಾ ಬ್ರೂಕ್ಲಿನ್‌ಗೆ ಹೋಗಲು ಒಪ್ಪದೆ ಉಳಿದುಕೊಂಡ. ಹಳೆಯ ಗೆಳೆಯ ವಿಲ್ಬರ್ಟ್ ರಾಬಿನ್ಸನ್‌ನೂ ಉಳಿದ. ಜೋ ಮೆಗಿನ್ನಿಟಿ ಎಂಬ ಅದ್ಭುತ ಪಿಚರ್ ಹೊಸದಾಗಿ ದೊರೆತ. ಅಲ್ಲಿ ಕಂಬಗಳು ಕೆಲವಾದರೂ ಉಳಿದಿದ್ದವು. ಕ್ಲೀವ್‌ಲ್ಯಾಂಡಿನಲ್ಲಿ ಉಳಿದವನೊಬ್ಬ ಚಿಗುರಿದರೆ ಅವನನ್ನೂ ಕೀಳುವ ಏರ್ಪಾಡಿತ್ತು. ಇನ್ನೂ ಮುಖ್ಯವಾದುದು ಮುಂದಿನ ವರ್ಷ ನಡೆದದ್ದು. ನ್ಯಾಷನಲ್ ಲೀಗ್ ಹನ್ನೆರಡು ತಂಡಗಳನ್ನು ಎಂಟಕ್ಕೆ ಇಳಿಸಿದಾಗ ಕ್ಲೀವ್‌ಲ್ಯಾಂಡ್, ಲೂಯಿವಿಲ್, ವಾಷಿಂಗ್ಟನ್‌ಗಳ ಜೊತೆಗೆ ಬಾಲ್ಟಿಮೋರ್ ಕೂಡ ಹೊರಬಿತ್ತು. 20 ಗೆದ್ದವರಿಗೂ 86 ಗೆದ್ದವರಿಗೂ ಗತಿ ಒಂದೇ ಆಯಿತು. ಆಟಗಾರರ ಬೆವರಿಗೂ ತಂಡದ ಅಳಿವು ಉಳಿವಿಗೂ ಸಂಬಂಧವೇ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕೆ?

ಮೂರನೆಯದು: ಇಂಥ ತಂಡದಲ್ಲಿ ಆಡಲು ಒಪ್ಪಿದ್ದಾದರೂ ಏಕೆ, ಬಿಟ್ಟುಹೋಗಬಹುದಿತ್ತಲ್ಲ? ಅಂದಿನ ಕರಾರುಗಳಲ್ಲಿ ‘ರಿಸರ್ವ್ ಕ್ಲಾಸ್’ ಎಂಬ ನಿಬಂಧನೆಯಿತ್ತು. ಒಂದು ತಂಡದೊಡನೆ ಒಪ್ಪಂದ ಮಾಡಿಕೊಂಡ ಆಟಗಾರ ಅವಧಿ ಮುಗಿದ ಮೇಲೆಯೂ ಆ ತಂಡದ ಸೊತ್ತಾಗಿಯೇ ಇರುತ್ತಿದ್ದ. ಒಡೆಯ ಬಿಡದ ಹೊರತು ಬೇರೆ ತಂಡ ಅವನನ್ನು ತೆಗೆದುಕೊಳ್ಳುವಂತಿರಲಿಲ್ಲ. ವರ್ಷದ ಸಂಬಳಕ್ಕೆ 2,400 ಡಾಲರಿನ ಮಿತಿಯನ್ನೂ ಒಡೆಯರು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡಿದ್ದರು. ಇನ್ನೊಂದು ಪ್ರತಿಸ್ಪರ್ಧಿ ಲೀಗ್ ಇರದ ಕಾಲವದು. ಆಟಗಾರನ ಮುಂದೆ ಇದ್ದದ್ದು ಎರಡೇ ದಾರಿ: ಹೇಳಿದಲ್ಲಿ ಆಡುವುದು, ಇಲ್ಲವೇ ವೃತ್ತಿಯನ್ನೇ ತೊರೆಯುವುದು. ಈ ನಿಬಂಧನೆ ಸಡಿಲಗೊಳ್ಳಲು 1970ರ ದಶಕದವರೆಗೆ ಕಾಯಬೇಕಾಯಿತು. ಆಯ್ಕೆಯಿಲ್ಲದವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯುವುದು ಭಾಷೆಗೂ ಅಪಚಾರ.

ಇಷ್ಟೆಲ್ಲ ಮಾಡಿ ರಾಬಿಸನ್ ಸಹೋದರರು ಪಡೆದದ್ದೇನು? ಎರಡು ತಂಡಗಳ ಸಾರವನ್ನು ಹಿಂಡಿ ಕಟ್ಟಿದ ‘ಪರಿಪೂರ್ಣರ’ ತಂಡ 1899ರಲ್ಲಿ ಪಡೆದದ್ದು ಐದನೆಯ ಸ್ಥಾನ. ಹಿಂದಿನ ವರ್ಷ ಕ್ಲೀವ್‌ಲ್ಯಾಂಡಿನಲ್ಲಿ ಪಡೆದಿದ್ದ ಸ್ಥಾನವೇ. ಇತ್ತ, ನ್ಯಾಷನಲ್ ಲೀಗ್ ತೊರೆದ ನಗರಗಳ ಖಾಲಿ ಜಾಗವನ್ನು ಬ್ಯಾನ್ ಜಾನ್ಸನ್‌ನ ಅಮೆರಿಕನ್ ಲೀಗ್ ತುಂಬಿತು. 1901ರಲ್ಲಿ ಅದು ತನ್ನನ್ನು ಉನ್ನತ ಲೀಗ್ ಎಂದು ಘೋಷಿಸಿಕೊಂಡಾಗ ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್, ವಾಷಿಂಗ್ಟನ್ ಮೂರೂ ಅದರಲ್ಲಿದ್ದವು. ಅದೇ ವರ್ಷ ಸೈ ಯಂಗ್ ಸೇಂಟ್ ಲೂಯಿಯನ್ನು ತೊರೆದು ಆ ಲೀಗಿನ ಬೋಸ್ಟನ್ ತಂಡ ಸೇರಿದ. ಮರುವರ್ಷ ಬರ್ಕೆಟ್ ಮತ್ತು ವಾಲೆಸ್ ಕೂಡ ಹೊರನಡೆದರು. ಕಸಿದು ತಂದ ಸಂಪತ್ತು ಕೈಯಲ್ಲಿ ನಿಲ್ಲಲಿಲ್ಲ. ‘ಜನ ಬಾರದ ಊರು’ ಎಂದು ಹೆಸರಿಟ್ಟು ತ್ಯಜಿಸಿದ ಕ್ಲೀವ್‌ಲ್ಯಾಂಡಿನಲ್ಲಿ, ಅದೇ ಲೀಗ್ ಪಾರ್ಕಿನಲ್ಲಿ, ಹೊಸ ತಂಡ ದಶಕಗಳ ಕಾಲ ಆಡಿತು. 1920ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ದೋಷ ಊರಿನದಾಗಿರಲಿಲ್ಲ ಎಂಬುದಕ್ಕೆ ಊರೇ ಕೊಟ್ಟ ಉತ್ತರವಿದು.

ಒಂದೇ ಲೀಗಿನ ಎರಡು ತಂಡಗಳ ಮೇಲೆ ಒಬ್ಬನೇ ಹಿಡಿತ ಹೊಂದುವುದನ್ನು ಬೇಸ್‌ಬಾಲ್ ಆಡಳಿತ ಮುಂದೆ ನಿಷೇಧಿಸಿತು. ಯೂರೋಪಿನ ಫುಟ್‌ಬಾಲ್ ಸ್ಪರ್ಧೆಗಳಲ್ಲಿಯೂ ಈ ಬಗೆಯ ನಿರ್ಬಂಧ ಇಂದು ಜಾರಿಯಲ್ಲಿದೆ. ಹೀಗೆ ನೋಡಿದರೆ, ಇಂದಿನ ಪ್ರೇಕ್ಷಕನೊಬ್ಬ ತನ್ನ ಮುಂದೆ ಆಡುತ್ತಿರುವ ಎರಡು ತಂಡಗಳೂ ಗೆಲ್ಲಲೆಂದೇ ಆಡುತ್ತಿವೆ ಎಂದು ನಿಶ್ಚಿಂತೆಯಿಂದ ನಂಬಬಲ್ಲನಾದರೆ, ಆ ನಂಬಿಕೆಗೆ ತೆತ್ತ ಬೆಲೆಯಲ್ಲಿ ಹ್ಯೂಯಿ, ಕ್ವಿನ್, ಕೋಲ್ಬ್‌ರ ಪಾಲೂ ಇದೆ.

ಆ ಆಟಗಾರರ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಋತು ಮುಗಿದ ಮೇಲೆ ಅವರು ತಮ್ಮ ಪ್ರವಾಸ ಕಾರ್ಯದರ್ಶಿ ಜಾರ್ಜ್ ಮ್ಯೂರ್‌ಗೆ ವಜ್ರದ ಪದಕವೊಂದನ್ನು ಉಡುಗೊರೆಯಾಗಿ ಕೊಟ್ಟರಂತೆ. ತಮ್ಮ ಎಲ್ಲ ಆಟಗಳನ್ನೂ ನೋಡುವ ದುರ್ಗತಿ ಲೋಕದಲ್ಲಿ ಅವನೊಬ್ಬನಿಗೇ ಬಂದಿತೆಂದು ಕಾರಣ ಹೇಳಿದರಂತೆ. ಇದನ್ನು ನಗೆಚಾಟಿಕೆಯಾಗಿ ಹೇಳುವುದು ವಾಡಿಕೆ. ಆದರೆ ಈ ಕಥೆಯಲ್ಲಿ ನಗುತ್ತಿರುವವರು ಸೋತವರೇ. ತಮ್ಮ ಸ್ಥಿತಿಯನ್ನು ಕಣ್ಣಾರೆ ಕಂಡು, ಅದನ್ನು ಮರೆಮಾಚದೆ, ಜೊತೆಗಿದ್ದವನಿಗೆ ಕೃತಜ್ಞತೆ ಸಲ್ಲಿಸುವ ಮನಸ್ಸು ಅವರಲ್ಲಿ ಉಳಿದಿತ್ತು. ರೈಲಿನಿಂದ ರೈಲಿಗೆ, ಊರಿನಿಂದ ಊರಿಗೆ, ಎಲ್ಲಿಯೂ ತಮ್ಮವರೆನ್ನುವ ಒಂದು ಚಪ್ಪಾಳೆಯಿಲ್ಲದೆ, ಸೋಲುವುದು ಬಹುಮಟ್ಟಿಗೆ ಖಚಿತವೆಂದು ತಿಳಿದೂ 154 ಪಂದ್ಯಗಳನ್ನು ಅವರು ಆಡಿ ಮುಗಿಸಿದರು. ಲೀಗ್ ಪ್ರಕಟಿಸಿದ ವೇಳಾಪಟ್ಟಿ ಒಂದು ವಾಗ್ದಾನ. ಒಡೆಯರು ಮುರಿದ ಆ ವಾಗ್ದಾನವನ್ನು ಉಳಿಸಿಕೊಟ್ಟವರು ಈ ಆಟಗಾರರು.

ದಾಖಲೆಯನ್ನು ಅಳಿಸಬೇಕೆಂದು ಯಾರೂ ಕೇಳುವುದಿಲ್ಲ. ಚರಿತ್ರೆಯಲ್ಲಿ ಅಳಿಸುವುದು ಇನ್ನೊಂದು ಬಗೆಯ ಸುಳ್ಳು. ಅದನ್ನು ಪೂರ್ತಿಯಾಗಿ ಬರೆಯಬೇಕೆಂಬುದಷ್ಟೇ ನ್ಯಾಯ. ‘1899, ಕ್ಲೀವ್‌ಲ್ಯಾಂಡ್, 20 ಗೆಲುವು, 134 ಸೋಲು’ ಎಂಬ ಸಾಲಿನ ಪಕ್ಕದಲ್ಲಿ ‘ಒಡೆತನ: ರಾಬಿಸನ್ ಸಹೋದರರು, ಇದೇ ಒಡೆತನದ ಸೇಂಟ್ ಲೂಯಿ, 84 ಗೆಲುವು, 67 ಸೋಲು’ ಎಂಬ ಇನ್ನೊಂದು ಸಾಲು ಇರಬೇಕು. ಎರಡು ಸಾಲುಗಳನ್ನು ಕೂಡಿಸಿ ಓದಿದ ಮೇಲೆಯೂ ನಗು ಬಂದರೆ ಬರಲಿ. ಆದರೆ ಆ ನಗು ಸಿಗಾರ್ ಅಂಗಡಿಯ ಹುಡುಗನ ಕಡೆಗೆ ತಿರುಗಲಾರದು.